ಪ್ರಾಥಮಿಕ ಶಾಲೆಯ ಗುಣನಿರ್ಣಯ: ಅಂಕಿ ಹೇಳುವುದೆಷ್ಟು, ಹೇಳದಿರುವುದೆಷ್ಟು?

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಮನೆ ಕೊಳ್ಳಲು ಹೊರಟಾಗ ಮೊದಲು ಎತ್ತುವ ಪ್ರಶ್ನೆ "ಅಲ್ಲಿ ಶಾಲೆ ಹೇಗಿದೆ?" ಎಂಬುದು. ಈ ದೇಶದ ಸಾರ್ವಜನಿಕ ಶಾಲೆಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ಬಹುತೇಕ ಊರುಗಳಲ್ಲಿ ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ನಿರ್ಧರಿಸುವುದರಿಂದ, ಆ ಶುಲ್ಕವನ್ನು ನಾವು ಮನೆಯ ಬೆಲೆಯ ರೂಪದಲ್ಲಿ ತೆರುತ್ತೇವೆ. 1999ರಲ್ಲಿ ಅರ್ಥಶಾಸ್ತ್ರಜ್ಞೆ ಸ್ಯಾಂಡ್ರಾ ಬ್ಲ್ಯಾಕ್ ಅವರು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಲಾವ್ಯಾಪ್ತಿಯ ಗಡಿರೇಖೆಯ ಎರಡು ಪಕ್ಕಗಳಲ್ಲಿರುವ ಮನೆಗಳ ಬೆಲೆಗಳನ್ನು ಹೋಲಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರಾಥಮಿಕ ಶಾಲೆಯ ಪರೀಕ್ಷಾ ಅಂಕಗಳು ಶೇಕಡಾ 5ರಷ್ಟು ಹೆಚ್ಚಾಗಿದ್ದರೆ ತಂದೆತಾಯಿಯರು ಮನೆಗೆ ಸುಮಾರು ಶೇಕಡಾ 2.5ರಷ್ಟು ಹೆಚ್ಚು ಬೆಲೆ ಕೊಡಲು ಸಿದ್ಧರಿರುತ್ತಾರೆಂದು ಅವರು ಕಂಡುಕೊಂಡರು. ಮೂವತ್ತು ವರ್ಷಗಳ ಸಾಲವನ್ನು ತಲೆಯ ಮೇಲೆ ಹೊರುವ ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ಹೀಗೆ ಹಣ ತೆತ್ತು ಕೊಳ್ಳುವ ಆ ಅಂಕವು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬುದನ್ನು ವಿಚಾರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ನಮ್ಮಲ್ಲಿ ಅನೇಕರು ಎಸ್.ಎಸ್.ಎಲ್.ಸಿ. ಫಲಿತಾಂಶದ ಮೇಲೆಯೇ ಶಾಲೆಯ ಹೆಸರು ನಿಲ್ಲುತ್ತಿದ್ದ ವಾತಾವರಣದಲ್ಲಿ ಬೆಳೆದವರು. ಎಷ್ಟು ಮಂದಿ ಪ್ರಥಮ ದರ್ಜೆ ಪಡೆದರು, ಯಾರಿಗೆ ರ‍್ಯಾಂಕ್ ಬಂದಿತು ಎಂಬುದೇ ನಮಗೆ ಪರಿಚಿತವಾದ ಅಳತೆಗೋಲು. ಅದೇ ಅಳತೆಗೋಲನ್ನು ಆರು ವರ್ಷದ ಮಗುವಿನ ಶಾಲೆಗೂ ಹಿಡಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವ ಹೆಚ್ಚು.

ಅಂಕಿಗಳು ಎಲ್ಲಿಂದ ಬರುತ್ತವೆ?

ಶಾಲಾಶಿಕ್ಷಣವು ಇಲ್ಲಿ ಮುಖ್ಯವಾಗಿ ರಾಜ್ಯಗಳ ಮತ್ತು ಸ್ಥಳೀಯ ಶಾಲಾ ಜಿಲ್ಲೆಗಳ ಹೊಣೆ. ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಕೇಂದ್ರ ಸರ್ಕಾರದ ನೆರವು ದೊಡ್ಡ ಪ್ರಮಾಣದಲ್ಲಿ ಆರಂಭವಾದುದು 1965ರ ಕಾಯಿದೆಯಿಂದ. "ಟೈಟಲ್ ಒನ್" ಎಂಬ ಹೆಸರು ಆ ಕಾಯಿದೆಯ ಮೊದಲ ಭಾಗದ್ದು. 2002ರ ಜನವರಿಯಲ್ಲಿ ಜಾರಿಗೆ ಬಂದ "ನೋ ಚೈಲ್ಡ್ ಲೆಫ್ಟ್ ಬಿಹೈಂಡ್" ಕಾಯಿದೆಯು 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷವೂ ಓದು ಮತ್ತು ಗಣಿತದಲ್ಲಿ ಪರೀಕ್ಷೆ ನಡೆಸಬೇಕೆಂದು ವಿಧಿಸಿತು. 2015ರ ಡಿಸೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ "ಎವರಿ ಸ್ಟೂಡೆಂಟ್ ಸಕ್ಸೀಡ್ಸ್" ಕಾಯಿದೆಯೂ ಈ ಪರೀಕ್ಷೆಗಳನ್ನು ಉಳಿಸಿಕೊಂಡಿತು. ಪ್ರತಿಯೊಂದು ಶಾಲೆಗೂ ಒಂದು ವಾರ್ಷಿಕ ವರದಿಪತ್ರ ಪ್ರಕಟವಾಗಬೇಕೆಂಬುದೂ ಅದರ ನಿಯಮ. ಮನೆ ಮಾರಾಟದ ವಿವರಗಳ ಪಕ್ಕದಲ್ಲಿ ಕಾಣಿಸುವ ಒಂದರಿಂದ ಹತ್ತರವರೆಗಿನ ಅಂಕವನ್ನು ಖಾಸಗಿ ಸಂಸ್ಥೆಗಳು ಬಹುಪಾಲು ಈ ಪರೀಕ್ಷಾಫಲಿತಗಳಿಂದಲೇ ಕಟ್ಟುತ್ತವೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಕಿಂಡರ್‌ಗಾರ್ಟನ್‌ನಿಂದ 5ನೆಯ ತರಗತಿಯವರೆಗಿನ ಪ್ರಾಥಮಿಕ ಶಾಲೆಯಲ್ಲಿ ಆರು ತರಗತಿಗಳಿವೆ. ಅವುಗಳಲ್ಲಿ ಕಾಯಿದೆಯ ಪರೀಕ್ಷೆ ನಡೆಯುವುದು 3, 4 ಮತ್ತು 5ನೆಯ ತರಗತಿಗಳಲ್ಲಿ ಮಾತ್ರ. ಮಗು ಅಕ್ಷರ ಕೂಡಿಸಿ ಓದಲು ಕಲಿಯುವ ಮೊದಲ ಮೂರು ವರ್ಷಗಳು ಆ ಅಂಕದೊಳಗೆ ನೇರವಾಗಿ ಸೇರುವುದೇ ಇಲ್ಲ. ಕಿಂಡರ್‌ಗಾರ್ಟನ್‌ಗೆ ಸೇರಲಿರುವ ಮಗುವಿನ ತಂದೆತಾಯಿಯರು ನೋಡುತ್ತಿರುವುದು ಇನ್ನು ಮೂರು ವರ್ಷಗಳಾಚೆಯ ತರಗತಿಗಳ ಫಲಿತಾಂಶವನ್ನು.

ಸರಾಸರಿಯ ಮರೆಯಲ್ಲಿ

1964ರ ನಾಗರಿಕ ಹಕ್ಕುಗಳ ಕಾಯಿದೆಯ ಆದೇಶದಂತೆ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ ನೇತೃತ್ವದಲ್ಲಿ ಒಂದು ಬೃಹತ್ ಸಮೀಕ್ಷೆ ನಡೆದು 1966ರಲ್ಲಿ ವರದಿ ಹೊರಬಂದಿತು. ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚಿನ ಕಾರಣವೆಂದು ಅದು ತೋರಿಸಿತು. ಅಂದರೆ, ಶಾಲೆಯ ಸರಾಸರಿ ಅಂಕವು ಬಹುಮಟ್ಟಿಗೆ ಆ ಬಡಾವಣೆಯ ತಂದೆತಾಯಿಯರ ಆದಾಯ ಮತ್ತು ವಿದ್ಯೆಯ ಪ್ರತಿಬಿಂಬ. ಶಿಕ್ಷಕರು ಏನು ಕಲಿಸಿದರೆಂಬುದು ಆ ಪ್ರತಿಬಿಂಬದ ಹಿಂದೆ ಮರೆಯಾಗಿರುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಗುಡ್ಡದ ಶಾಲೆ, ಹೊಳೆಯ ಶಾಲೆ ಎಂಬ ಎರಡು ಶಾಲೆಗಳಲ್ಲಿ ತಲಾ 100 ಮಕ್ಕಳು ಪರೀಕ್ಷೆಗೆ ಕುಳಿತರೆಂದು ಭಾವಿಸೋಣ. ಗುಡ್ಡದ ಶಾಲೆಯಲ್ಲಿ 90 ಮಕ್ಕಳು ಅನುಕೂಲಸ್ಥರ ಮನೆಯವರು, 10 ಮಕ್ಕಳು ಬಡವರ ಮನೆಯವರು. ಅನುಕೂಲಸ್ಥರಲ್ಲಿ ಶೇಕಡಾ 80, ಅಂದರೆ 72 ಮಕ್ಕಳು ನಿಗದಿತ ಮಟ್ಟವನ್ನು ಮುಟ್ಟಿದರು. ಬಡವರಲ್ಲಿ ಶೇಕಡಾ 40, ಅಂದರೆ 4 ಮಕ್ಕಳು ಮುಟ್ಟಿದರು. ಒಟ್ಟು 76. ಹೊಳೆಯ ಶಾಲೆಯಲ್ಲಿ ಅನುಕೂಲಸ್ಥರು 40, ಬಡವರು 60. ಅಲ್ಲಿ ಅನುಕೂಲಸ್ಥರಲ್ಲಿ ಶೇಕಡಾ 85, ಅಂದರೆ 34 ಮಕ್ಕಳೂ, ಬಡವರಲ್ಲಿ ಶೇಕಡಾ 50, ಅಂದರೆ 30 ಮಕ್ಕಳೂ ಮಟ್ಟ ಮುಟ್ಟಿದರು. ಒಟ್ಟು 64. ಎರಡು ಗುಂಪುಗಳಲ್ಲಿಯೂ ಹೊಳೆಯ ಶಾಲೆಯ ಮಕ್ಕಳದೇ ಮೇಲುಗೈ. ಆದರೂ ಜಾಹೀರಾತಿನಲ್ಲಿ ಅದು 12 ಅಂಕಗಳಷ್ಟು ಕೆಳಗಿನ ಶಾಲೆ! ಒಟ್ಟು ಅಂಕವೊಂದನ್ನೇ ನೋಡಿ ಗುಡ್ಡದ ಮೇಲೆ ಮನೆ ಮಾಡಿದವರು ಹೆಚ್ಚು ಹಣ ತೆತ್ತು ಪಡೆದದ್ದೇನು?

ವರದಿಪತ್ರದಲ್ಲಿ ಮಕ್ಕಳ ಫಲಿತಾಂಶವನ್ನು ಗುಂಪುಗುಂಪಾಗಿ ಬಿಡಿಸಿ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಆ ಪುಟವನ್ನು ತೆರೆದು ನೋಡುವುದು ಮೊದಲ ಕೆಲಸ. ಆದರೆ ಒಂದು ಎಚ್ಚರಿಕೆ ಅವಶ್ಯ. ಹತ್ತು ಮಕ್ಕಳ ಗುಂಪಿನಲ್ಲಿ ಒಂದು ಮಗುವಿಗೆ ಪರೀಕ್ಷೆಯ ದಿನ ಜ್ವರ ಬಂದರೂ ಶೇಕಡಾವಾರು ಅಂಕಿ ಹತ್ತು ಇಳಿಯಬಹುದು. ಆದ್ದರಿಂದ ಒಂದು ವರ್ಷದ ಅಂಕಿಯನ್ನು ನಂಬದೆ ಮೂರು ನಾಲ್ಕು ವರ್ಷಗಳ ಸಾಲನ್ನು ನೋಡಬೇಕು.

ಎಷ್ಟು ಎತ್ತರ, ಎಷ್ಟು ಬೆಳವಣಿಗೆ?

ಮಕ್ಕಳು ಎಲ್ಲಿ ನಿಂತಿದ್ದಾರೆ ಎಂಬುದೊಂದು ಪ್ರಶ್ನೆ; ಒಂದು ವರ್ಷದಲ್ಲಿ ಎಷ್ಟು ದೂರ ನಡೆದರು ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದನ್ನು ಬೆಳವಣಿಗೆಯ ಅಂಕಿ ಎನ್ನುತ್ತಾರೆ. ಅದೇ ಮಗುವಿನ ಹಿಂದಿನ ವರ್ಷದ ಅಂಕಕ್ಕೆ ಈ ವರ್ಷದ ಅಂಕವನ್ನು ಹೋಲಿಸಿ ಇದನ್ನು ಲೆಕ್ಕ ಹಾಕುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಷಾನ್ ರಿಯರ್ಡನ್ ಅವರು ಇಡೀ ದೇಶದ ಶಾಲಾ ಜಿಲ್ಲೆಗಳ ಪರೀಕ್ಷಾಫಲಿತಗಳನ್ನು ಪರಿಶೀಲಿಸಿ, ಸರಾಸರಿ ಅಂಕಕ್ಕೂ ಬೆಳವಣಿಗೆಗೂ ಇರುವ ನಂಟು ಬಹಳ ಸಡಿಲವಾದುದೆಂದು ತೋರಿಸಿದ್ದಾರೆ. ಬಡ ಮಕ್ಕಳೇ ಹೆಚ್ಚಾಗಿರುವ ಷಿಕಾಗೋ ನಗರದ ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳು 3ರಿಂದ 8ನೆಯ ತರಗತಿಯವರೆಗಿನ ಐದು ವರ್ಷಗಳಲ್ಲಿ ಸರಾಸರಿ ಆರು ವರ್ಷಗಳಷ್ಟು ಕಲಿತರೆಂಬುದು 2017ರಲ್ಲಿ ಅವರು ಪ್ರಕಟಿಸಿದ ಗಮನಾರ್ಹ ಸಂಗತಿ.

ಬೆಳವಣಿಗೆಯ ಅಂಕಿಗೂ ಮಿತಿಗಳುಂಟು. 3ನೆಯ ತರಗತಿಗೆ ಹಿಂದಿನ ವರ್ಷದ ಅಂಕವಿಲ್ಲದ ಕಾರಣ, ಪ್ರಾಥಮಿಕ ಶಾಲೆಯಲ್ಲಿ ಈ ಅಂಕಿ ಸಾಮಾನ್ಯವಾಗಿ 4 ಮತ್ತು 5ನೆಯ ತರಗತಿಗಳನ್ನು ಕುರಿತದ್ದು ಮಾತ್ರ. ಆದರೂ ಎರಡನ್ನೂ ಕೂಡಿಸಿ ಓದಿದರೆ ಸರಾಸರಿಯೊಂದನ್ನೇ ಓದುವುದಕ್ಕಿಂತ ಸತ್ಯಕ್ಕೆ ಹತ್ತಿರ ಬರುತ್ತೇವೆ.

ಶಾಲೆಯೊಳಗೆ ಹೋಗಿ ನೋಡಬೇಕಾದದ್ದು

ಉಳಿದುದನ್ನು ಕಣ್ಣಾರೆ ಕಂಡೇ ತಿಳಿಯಬೇಕು. ಬಹುತೇಕ ಪ್ರಾಥಮಿಕ ಶಾಲೆಗಳು ಮೊದಲೇ ಕೇಳಿಕೊಂಡರೆ ತಂದೆತಾಯಿಯರಿಗೆ ಶಾಲೆಯನ್ನು ತೋರಿಸುತ್ತವೆ.

ಮೊದಲನೆಯದು, ಓದು ಕಲಿಸುವ ಕ್ರಮ. 2000ದಲ್ಲಿ ರಾಷ್ಟ್ರೀಯ ಓದು ಸಮಿತಿಯ ವರದಿಯು ಐದು ಅಂಗಗಳನ್ನು ಎತ್ತಿ ಹೇಳಿತು: ಮಾತಿನ ಧ್ವನಿಗಳನ್ನು ಗುರುತಿಸುವುದು, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಯುವುದು, ನಿರರ್ಗಳವಾಗಿ ಓದುವುದು, ಶಬ್ದಸಂಪತ್ತು ಮತ್ತು ಅರ್ಥಗ್ರಹಣ. ಕನ್ನಡದಲ್ಲಿ ಕಾಗುಣಿತ ಕಲಿತ ನಮಗೆ ಎರಡನೆಯದರ ಬೆಲೆಯನ್ನು ವಿವರಿಸಬೇಕಾಗಿಲ್ಲ. "ಒಂದನೆಯ ತರಗತಿಯಲ್ಲಿ ಮಗು ಹೊಸ ಪದವನ್ನು ಕಂಡು ತಡವರಿಸಿದರೆ ಏನು ಮಾಡಲು ಹೇಳುತ್ತೀರಿ?" ಎಂದು ಕೇಳಿರಿ. ಅಕ್ಷರಗಳ ಧ್ವನಿ ಕೂಡಿಸಿ ಓದಲು ಹೇಳುತ್ತೇವೆ ಎಂದರೆ ಸರಿ. ಚಿತ್ರ ನೋಡಿ ಊಹಿಸಲು ಹೇಳುತ್ತೇವೆ ಎಂದರೆ ಯೋಚಿಸಬೇಕಾದ ವಿಷಯ.

ಎರಡನೆಯದು, ತರಗತಿಯ ಗಾತ್ರ. ಟೆನೆಸೀ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ಪ್ರಯೋಗದಲ್ಲಿ ಕಿಂಡರ್‌ಗಾರ್ಟನ್‌ನಿಂದ 3ನೆಯ ತರಗತಿಯವರೆಗಿನ ಮಕ್ಕಳನ್ನು ಚೀಟಿ ಎತ್ತಿದಂತೆ 13ರಿಂದ 17 ಮಕ್ಕಳ ಸಣ್ಣ ತರಗತಿಗಳಿಗೂ 22ರಿಂದ 25 ಮಕ್ಕಳ ದೊಡ್ಡ ತರಗತಿಗಳಿಗೂ ಹಂಚಲಾಯಿತು. ಸಣ್ಣ ತರಗತಿಯ ಮಕ್ಕಳು ಓದಿನಲ್ಲಿಯೂ ಗಣಿತದಲ್ಲಿಯೂ ಮುಂದಾದರು. ಶಾಲೆಯ ಒಟ್ಟು ಸರಾಸರಿಯನ್ನು ಕೇಳದೆ, ಕೆಳಗಿನ ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳುವುದು ಒಳ್ಳೆಯದು.

ಮೂರನೆಯದು, ಶಿಕ್ಷಕರ ಸ್ಥಿರತೆ. ಅನುಭವ ಕಡಿಮೆಯಿರುವ ಶಿಕ್ಷಕರ ಪ್ರಮಾಣ ವರದಿಪತ್ರದಲ್ಲಿಯೇ ದೊರೆಯುತ್ತದೆ. ವರ್ಷ ವರ್ಷವೂ ಶಿಕ್ಷಕರು ಬಿಟ್ಟು ಹೋಗುತ್ತಿರುವ ಶಾಲೆಯಲ್ಲಿ ಏನೋ ಕೊರತೆಯಿದೆ ಎಂದೇ ತಿಳಿಯಬೇಕು. ಪ್ರಾಂಶುಪಾಲರು ಎಷ್ಟು ವರ್ಷಗಳಿಂದ ಇದ್ದಾರೆ ಎಂಬುದನ್ನೂ ವಿಚಾರಿಸಿರಿ.

ನಾಲ್ಕನೆಯದು, ತರಗತಿಯ ನಡವಳಿಕೆ. ಗೋಡೆಯ ಮೇಲಿನ ಬರಹಗಳು ಮಕ್ಕಳವೋ ಅಂಗಡಿಯಿಂದ ತಂದ ಚಿತ್ರಪಟಗಳೋ? ಮಗು ತಪ್ಪು ಉತ್ತರ ಕೊಟ್ಟಾಗ ಶಿಕ್ಷಕರು ಮುಂದಿನ ಮಗುವಿನತ್ತ ತಿರುಗುತ್ತಾರೋ, "ಹೇಗೆ ಯೋಚಿಸಿದೆ?" ಎಂದು ಕೇಳುತ್ತಾರೋ? ಬೇಗ ಮುಗಿಸಿದ ಮಗುವಿಗೂ ಹಿಂದುಳಿದ ಮಗುವಿಗೂ ಏನು ಕೆಲಸವಿದೆ? ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದರೆ ಈ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ನಮ್ಮ ಮನೆಗಳಿಗೆ ವಿಶೇಷವಾದ ಎರಡು ಮಾತು

ಶಾಲೆಗೆ ಸೇರಿಸುವಾಗ "ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?" ಎಂಬ ಪ್ರಶ್ನೆಯುಳ್ಳ ಪತ್ರವನ್ನು ಕೊಡುತ್ತಾರೆ. ಕನ್ನಡ ಎಂದು ಬರೆದರೆ ಮಗುವಿಗೆ ಕಳಂಕ ಬರುವುದೆಂಬ ಭಯದಿಂದ ಕೆಲವರು ಇಂಗ್ಲಿಷ್ ಎಂದು ಬರೆಯುವುದುಂಟು. ಈ ಭಯ ಅನವಶ್ಯಕ. 1974ರ "ಲಾವ್ ವಿರುದ್ಧ ನಿಕೋಲ್ಸ್" ಮೊಕದ್ದಮೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಇಂಗ್ಲಿಷ್ ಬಾರದ ಮಕ್ಕಳಿಗೆ ನೆರವು ಕೊಡದೆ ಬಿಡುವುದು ನಾಗರಿಕ ಹಕ್ಕುಗಳ ಕಾಯಿದೆಗೆ ವಿರುದ್ಧವೆಂದು ಹೇಳಿತು. ಕನ್ನಡ ಎಂದು ಬರೆದರೆ ಮಗುವಿನ ಇಂಗ್ಲಿಷ್ ಮಟ್ಟವನ್ನು ಪರೀಕ್ಷಿಸುತ್ತಾರೆ, ಅಷ್ಟೆ. ಅವಶ್ಯವಿದ್ದರೆ ನೆರವಿನ ತರಗತಿ ದೊರೆಯುತ್ತದೆ. ಅದು ಬೇಡವೆನ್ನುವ ಹಕ್ಕೂ ತಂದೆತಾಯಿಯರಿಗಿದೆ. ಶಾಲೆ ಈ ಪತ್ರವನ್ನು ಹೇಗೆ ಸ್ವೀಕರಿಸುತ್ತದೆ, ಎರಡು ಭಾಷೆಗಳ ಮಗುವನ್ನು ಹೊರೆಯೆಂದು ನೋಡುತ್ತದೆಯೋ ಸಂಪತ್ತೆಂದು ನೋಡುತ್ತದೆಯೋ ಎಂಬುದೂ ಗುಣನಿರ್ಣಯದ ಒಂದು ಅಂಗವೇ.

ಎರಡನೆಯದು ಹಾಜರಿ. ಶಾಲಾದಿನಗಳಲ್ಲಿ ಶೇಕಡಾ 10ರಷ್ಟು ತಪ್ಪಿಸಿಕೊಂಡ ಮಗುವನ್ನು ದೀರ್ಘ ಗೈರುಹಾಜರಿಯ ಲೆಕ್ಕಕ್ಕೆ ಸೇರಿಸುತ್ತಾರೆ. ವರ್ಷಕ್ಕೆ 180 ದಿನಗಳ ಶಾಲೆಯಲ್ಲಿ ಇದು 18 ದಿನ. ಡಿಸೆಂಬರ್ ರಜೆಗೆ ಮೂರು ವಾರ ಸೇರಿಸಿಕೊಂಡು ಊರಿಗೆ ಹೋದರೆ 15 ದಿನಗಳಾದವು. ಚಳಿಗಾಲದ ಜ್ವರಕ್ಕೆ ಇನ್ನು ಮೂರು ದಿನ ಹೋದರೆ ಲೆಕ್ಕ ತುಂಬಿತು. ಅಜ್ಜ ಅಜ್ಜಿಯರ ಮಡಿಲು ಮಕ್ಕಳಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಬೇಸಿಗೆಯ ರಜೆಯಲ್ಲಿ ಹೋಗಲು ಸಾಧ್ಯವಾದರೆ ಉತ್ತಮ. ಆಗದಿದ್ದರೆ ಶಿಕ್ಷಕರೊಡನೆ ಮುಂಚಿತವಾಗಿ ಮಾತನಾಡಿ ಪಾಠಗಳನ್ನು ಕೇಳಿ ಪಡೆಯಬೇಕು. ಗೈರುಹಾಜರಿಯ ಪ್ರಮಾಣವನ್ನು ಅನೇಕ ರಾಜ್ಯಗಳು ಶಾಲೆಯ ಮೌಲ್ಯಮಾಪನದಲ್ಲಿಯೂ ಸೇರಿಸಿಕೊಂಡಿವೆ.

ನಮ್ಮ ಹೊಣೆ

ಅಂಕಿ ನೋಡಿ ಎಲ್ಲರೂ ಒಂದೇ ಬಡಾವಣೆಗೆ ಓಡಿದರೆ ಅಲ್ಲಿನ ಮನೆಗಳ ಬೆಲೆ ಏರುತ್ತದೆ. ಬಿಟ್ಟುಬಂದ ಶಾಲೆಯ ಸರಾಸರಿ ಇಳಿಯುತ್ತದೆ, ಅಲ್ಲಿನ ಶಿಕ್ಷಕರು ಎಂದಿನಂತೆಯೇ ಕಲಿಸುತ್ತಿದ್ದರೂ ಸಹ. ಮರುವರ್ಷ ಆ ಇಳಿದ ಅಂಕವನ್ನು ನೋಡಿ ಇನ್ನಷ್ಟು ಮಂದಿ ಹೊರಡುತ್ತಾರೆ. ಈ ಓಟದಲ್ಲಿ ಸೋಲುವವರು ಮನೆ ಬದಲಿಸಲಾಗದವರ ಮಕ್ಕಳು. ಹೊಸದಾಗಿ ಬಂದ, ಬಾಡಿಗೆ ಮನೆಯಲ್ಲಿರುವ ಕನ್ನಡ ಕುಟುಂಬಗಳೂ ಅವರಲ್ಲಿ ಸೇರಿವೆ ಎಂಬುದನ್ನು ಮರೆಯಬಾರದು.

ಬಹುತೇಕ ಶಾಲಾ ಜಿಲ್ಲೆಗಳನ್ನು ನಡೆಸುವುದು ಜನರಿಂದ ಚುನಾಯಿತವಾದ ಮಂಡಳಿ. ಅದರ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಪೌರತ್ವವಿಲ್ಲದವರೂ ಅಲ್ಲಿ ಕುಳಿತು ಕೇಳಬಹುದು. ಪೋಷಕ-ಶಿಕ್ಷಕ ಸಂಘಕ್ಕೂ ಪೌರತ್ವ ಬೇಕಿಲ್ಲ. ವಾರಕ್ಕೆ ಒಂದು ಗಂಟೆ ಗ್ರಂಥಾಲಯದಲ್ಲಿ ಮಕ್ಕಳಿಂದ ಪುಸ್ತಕ ಓದಿಸುವ ತಾಯಿಗೋ ತಂದೆಗೋ ಆ ಶಾಲೆಯ ಗುಣ ಯಾವ ಅಂಕಿಗಿಂತಲೂ ಚೆನ್ನಾಗಿ ತಿಳಿಯುತ್ತದೆ, ಶಾಲೆಯೂ ಅಷ್ಟರಮಟ್ಟಿಗೆ ಉತ್ತಮಗೊಳ್ಳುತ್ತದೆ.

ಕೂಟದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಹೊಸಬರು ಯಾರಾದರೂ "ಯಾವ ಶಾಲೆ ಒಳ್ಳೆಯದು?" ಎಂದು ಕೇಳಿದಾಗ ಒಂದು ಅಂಕವನ್ನು ಹೇಳಿ ಮುಗಿಸಬೇಡಿ. ನಿಮ್ಮ ಮಗು ಅಲ್ಲಿ ಓದಲು ಹೇಗೆ ಕಲಿಯಿತು, ಕಷ್ಟ ಬಂದಾಗ ಶಿಕ್ಷಕರು ಹೇಗೆ ನಡೆದುಕೊಂಡರು ಎಂಬುದನ್ನು ಹೇಳಿರಿ. ಸಾಧ್ಯವಾದರೆ ಒಂದು ದಿನ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಶಾಲೆಯನ್ನು ತೋರಿಸಿರಿ.