ಆರು ಸಿಲಿಂಡರಿನ ಕಾರಿಗೊಂದು ಕ್ಯಾಶ್ ಬುಕ್

ಕಳೆದ ದೀಪಾವಳಿಗೆ ನನ್ನ ಮೊಮ್ಮಗ ಬೆಂಗಳೂರಿನಿಂದ ಹಿರೇಬೆಂಡಿಗೇರಿಗೆ ಕಾರಿನಲ್ಲಿ ಬಂದ. ಎರಡೇ ಸೀಟು, ತಗ್ಗಾದ ಮೈ, ಉದ್ದನೆಯ ಮೂತಿ. ಹದಿನಾರು ವರ್ಷ ಹಳೆಯದಾದ ಜರ್ಮನಿಯ ಸ್ಪೋರ್ಟ್ಸ್ ಕಾರು. ಐದು ವರ್ಷ ಕೂಡಿಟ್ಟ ಹಣ ಕೊಟ್ಟು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ. ನಮ್ಮ ಓಣಿಯ ಹಂಪ್ ದಾಟುವಾಗ ಅದರ ಹೊಟ್ಟೆ ನೆಲಕ್ಕೆ ತಾಗಿ ಗರಕ್ಕೆಂದಿತು. ಊರಿನ ಹುಡುಗರೆಲ್ಲ ಓಡಿ ಬಂದು ಸುತ್ತ ನಿಂತರು.

ರಾತ್ರಿ ಊಟ ಆದ ಮೇಲೆ ಪಕ್ಕಕ್ಕೆ ಬಂದು ಕೂತ.

"ಅಜ್ಜಾ, ಎರಡು ಲಕ್ಷ ಕೊಡ್ತೀಯೇನು? ವರ್ಷದಾಗ ತಿರುಗಿ ಕೊಡ್ತೀನಿ."

"ಯಾಕೋ ತಮ್ಮಾ?"

"ಕಾರಿಗೆ ಟರ್ಬೊ ಹಾಕಸ್ಬೇಕು. ಗಾಡಿ ಯಾಕೋ ಎಳೀವಲ್ದು."

ನಾನು ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಾಲ ಕೇಳಿದವರಿಗೆ ಹೂಂ ಅಥವಾ ಉಹೂಂ ಅನ್ನುವ ಮೊದಲು ಲೆಕ್ಕ ಕೇಳುವುದು ಅಭ್ಯಾಸ. "ಕೊಡ್ತೀನಿ. ಆದ್ರ ಒಂದು ಕ್ಯಾಶ್ ಬುಕ್ ಇಡಬೇಕು. ಎಡಕ್ಕ ಖರ್ಚು, ಬಲಕ್ಕ ಅದರಿಂದ ಸಿಕ್ಕಿದ್ದು. ಬಲಕ್ಕ ಬರಿಯೋದು ಅಳತಿ ಮಾಡಿದ್ದಷ್ಟ, ಅನಿಸಿದ್ದು ಬರಿಬಾರದು," ಎಂದೆ. ಅವನು ನಕ್ಕು ಒಪ್ಪಿಕೊಂಡ.

ಲಾರಿಗೂ ಆರು, ಕಾರಿಗೂ ಆರು

ಮರುದಿನ ಓಣಿಯ ಹುಡುಗನೊಬ್ಬ ಕೇಳಿದ: "ಅಜ್ಜಾರ, ಆರು ಸಿಲಿಂಡರ್ ಅಂದ್ರ ಆರು ಗ್ಯಾಸ್ ಸಿಲಿಂಡರೇನ್ರಿ?"

ಮಕ್ಕಳೇ, ಎಂಜಿನ್ನಿನ ಸಿಲಿಂಡರ್ ಎಂದರೆ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆ. ಆರು ಸಿಲಿಂಡರ್ ನಮಗೆ ಹೊಸದಲ್ಲ. ನಮ್ಮ ರಸ್ತೆಗಳಲ್ಲಿ ಎಷ್ಟೋ ವರ್ಷ ಓಡಿದ ಟಾಟಾ ಲಾರಿಗಳ ಎಂಜಿನ್ನಿಗೆ 697 ಎಂಬ ಹೆಸರಿತ್ತು. ಮೊದಲಿನ 6 ಸಿಲಿಂಡರುಗಳ ಸಂಖ್ಯೆ, ಮುಂದಿನ 97 ಪ್ರತಿ ಸಿಲಿಂಡರಿನ ಅಗಲ, ಮಿಲಿಮೀಟರಿನಲ್ಲಿ. ಪಿಸ್ಟನ್ ಓಡಾಡುವ ದೂರ 128 ಮಿಲಿಮೀಟರ್. ಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲದ ಸೂತ್ರ ಹಾಕಿ ಆರರಿಂದ ಗುಣಿಸಿ ನೋಡಿ. ಸುಮಾರು 5,675 ಘನ ಸೆಂಟಿಮೀಟರ್ ಬರುತ್ತದೆ.

ಮೊಮ್ಮಗನ ಕಾರಿನದು ಮೂರು ಲೀಟರ್, ಲಾರಿಯ ಅರ್ಧದಷ್ಟು. ಆದರೂ ಅದರ ಅಶ್ವಶಕ್ತಿ ಹೆಚ್ಚು. ಲಾರಿ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಒಳಗೇ ದುಡಿಯುತ್ತದೆ, ಈ ಕಾರಿನದು ಆರು ಸಾವಿರ ದಾಟುತ್ತದೆ. ಅಂದರೆ ಅಷ್ಟು ಬೇಗ ಬೇಗ ಉಸಿರಾಡಬೇಕು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು.

ಸಾಲಾಗಿ ನಿಂತ ಆರು ಸಿಲಿಂಡರುಗಳು ಸಾಮಾನ್ಯವಾಗಿ 1-5-3-6-2-4 ಎಂಬ ಸರತಿಯಲ್ಲಿ ಉರಿಯುತ್ತವೆ. ಎರಡು ಸುತ್ತಿಗೆ ಆರು ಹೊಡೆತ. ಒಂದೇ ಒರಳಿಗೆ ಮೂವರು ಹೆಂಗಸರು ಸರತಿ ತಪ್ಪದೆ ಒನಕೆ ಹಾಕುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಹಾಗೆಯೇ ಇದು. ಮೊದಲನೆಯ ಪಿಸ್ಟನ್ ಏರುವಾಗ ಆರನೆಯದೂ ಏರುತ್ತದೆ, ಎರಡು ಐದರ ಜೊತೆ, ಮೂರು ನಾಲ್ಕರ ಜೊತೆ. ಒಂದರ ಅಲುಗಾಟವನ್ನು ಇನ್ನೊಂದು ಸರಿದೂಗಿಸುವುದರಿಂದ ಎಂಜಿನ್ ನಯವಾಗಿ ತಿರುಗುತ್ತದೆ.

ನನ್ನ ಯೆಜ್ಡಿಯ ಲೆಕ್ಕ

ಕ್ಯಾಶ್ ಬುಕ್ ಇಡಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದು ನಮ್ಮ ಮನೆಯ ಕಟ್ಟೆಯ ಮೇಲೆ ಎಡಗಾಲು ಚಾಚಿ ಕೂತಿತ್ತು. ನನ್ನ ತಮ್ಮ.

1981ರಲ್ಲಿ ನನ್ನ ಹತ್ತಿರ ಒಂದು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಗಾಡಿ ಚೆನ್ನಾಗಿಯೇ ಇತ್ತು, ನನಗೆ ಇನ್ನೂ ಜೋರು ಬೇಕಾಗಿತ್ತು. ಯಾರದೋ ಮಾತು ಕೇಳಿ ಸೈಲೆನ್ಸರುಗಳ ಒಳಗಿನ ಬ್ಯಾಫಲ್ ತೆಗೆಸಿದೆ, ಕಾರ್ಬ್ಯುರೇಟರಿನ ಜೆಟ್ ಬದಲಿಸಿದೆ. ಒಂದು ತಿಂಗಳ ಸಂಬಳ ಹೋಯಿತು. ಸದ್ದು ಮೂರು ಊರಿಗೆ ಕೇಳುವಷ್ಟಾಯಿತು. ಎಳೆತ ಮಾತ್ರ ಮೊದಲಿಗಿಂತ ಕಡಿಮೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ದಾರಿಯೂ ಹೊಗೆ ಹೊರಗೆ ಹೋಗುವ ದಾರಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಸೈಲೆನ್ಸರಿನಿಂದ ಮರಳುವ ಒತ್ತಡದ ಅಲೆ ಹೊಸ ಮಿಶ್ರಣ ಹೊರಗೆ ಓಡಿಹೋಗದಂತೆ ತಡೆಯುತ್ತದೆ. ನಾನು ಆ ಕಾವಲನ್ನೇ ಕಿತ್ತುಹಾಕಿದ್ದೆ. ಸದ್ದು ಕೇಳಿ ವೇಗ ಬಂದಿದೆ ಎಂದುಕೊಂಡಿದ್ದೆ, ಅಷ್ಟೇ.

ಆ ತಿಂಗಳು ಬ್ರೇಕ್ ಶೂ ಸವೆದಿವೆ ಎಂದು ಮಿಸ್ತ್ರಿ ಹೇಳಿದ್ದ. ದುಡ್ಡು ಮುಗಿದಿತ್ತು. "ಮುಂದಿನ ತಿಂಗಳು ನೋಡೋಣ" ಎಂದೆ. ಅಷ್ಟರಲ್ಲಿ ತಮ್ಮ ಗಾಡಿ ತಗೊಂಡು ತಡಸದ ಕಡೆ ಹೋದ. ಅಡ್ಡ ಬಂದ ಚಕ್ಕಡಿ ಕಂಡು ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ. ಎಡಗಾಲಿನ ಎಲುಬು ಎರಡು ಕಡೆ ಮುರಿಯಿತು. ಅವನು ಒಂದು ದಿನವೂ ನನ್ನನ್ನು ಬೈದಿಲ್ಲ. ಆ ತಿಂಗಳ ಲೆಕ್ಕ ನನಗಿನ್ನೂ ಮರೆತಿಲ್ಲ.

ಗೆಲ್ಲಿಸಿದ ಬ್ರೇಕು

ಮೊಮ್ಮಗನಿಗೆ ಇದನ್ನು ಹೇಳಿದರೆ ಮುದುಕರ ಪುರಾಣ ಅಂದಾನು ಎಂದು ಅವನಿಗೆ ಪ್ರಿಯವಾದ ರೇಸಿನ ಕಥೆಯನ್ನೇ ಹೇಳಿದೆ. ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆ ನಡೆಯುವ ಕಾರ್ ರೇಸ್ ಇದೆ. 1953ರಲ್ಲಿ ಅದನ್ನು ಗೆದ್ದದ್ದು ಜಾಗ್ವಾರ್ ಸಿ-ಟೈಪ್. ಓಡಿಸಿದವರು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್. ಅದರ ಎಂಜಿನ್ ಕೂಡ ಸಾಲಾಗಿ ಆರು ಸಿಲಿಂಡರ್, 3.4 ಲೀಟರ್. ಎದುರಿಗೆ ಅದಕ್ಕಿಂತ ದೊಡ್ಡ ಎಂಜಿನ್ನಿನ ಫೆರಾರಿಗಳಿದ್ದವು. ಜಾಗ್ವಾರಿನ ಹತ್ತಿರ ಇದ್ದ ಹೊಸ ವಸ್ತು ಎಂದರೆ ಡನ್‌ಲಪ್ ಡಿಸ್ಕ್ ಬ್ರೇಕ್. ಡ್ರಮ್ ಬ್ರೇಕ್ ಕಾದು ಸೋಲುವಲ್ಲಿ ಅದು ಸೋಲುತ್ತಿರಲಿಲ್ಲ. ತಿರುವಿನ ಹತ್ತಿರದವರೆಗೂ ಪೂರ್ತಿ ವೇಗದಲ್ಲಿ ಹೋಗಿ ಆಮೇಲೆ ಬ್ರೇಕ್ ಹಾಕಬಹುದಿತ್ತು. ಆ ರೇಸಿನಲ್ಲಿ ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು.

ಮೊಮ್ಮಗ ಸುಮ್ಮನೆ ಕೇಳಿದ. "ಹಂಗಾದ್ರ ಮೊದಲು ಅಳಿಯೋಣ," ಎಂದ.

ಶಿಗ್ಗಾಂವಿ ಹತ್ತಿರ ಪರಿಚಯದವರ ಲೇಔಟ್ ಒಂದಿದೆ. ರಸ್ತೆ ಆಗಿದೆ, ಮನೆಗಳು ಇನ್ನೂ ಎದ್ದಿಲ್ಲ. ಅವರ ಒಪ್ಪಿಗೆ ಪಡೆದು, ಎರಡೂ ತುದಿಗೆ ಜನ ನಿಲ್ಲಿಸಿ ಅಳೆದೆವು. ಮೂರನೇ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗಕ್ಕೆ 7.8 ಸೆಕೆಂಡ್. 60ರ ವೇಗದಲ್ಲಿ ಬ್ರೇಕ್ ಒತ್ತಿದ ಗುರುತಿನಿಂದ ಕಾರು ನಿಂತ ಜಾಗದವರೆಗೆ ತಮ್ಮ ಕುಂಟುತ್ತಲೇ ಹೆಜ್ಜೆ ಎಣಿಸಿದ: 34.

ಮಲಗಿದ್ದ ಐದನೆಯವನು

ಮಾರನೇ ದಿನ ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆವು. ಜೀವನವೆಲ್ಲ ಲಾರಿ ಎಂಜಿನ್ ಬಿಚ್ಚಿದವರು, ಈಗ ಮಗನ ಜೊತೆ ಕಾರು ನೋಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡೇ ಇತ್ತು. ಮೊಮ್ಮಗ ಅದಕ್ಕೆ ಒಗ್ಗಿಹೋಗಿದ್ದ. ಸ್ಕ್ಯಾನರ್ ಹಚ್ಚಿ ನೋಡಿದ ಮಿಸ್ತ್ರಿ ಹೇಳಿದರು: "ಐದನೇ ಸಿಲಿಂಡರ್ ಜೋರು ಕೊಟ್ಟಾಗ ಮಿಸ್ ಹೊಡಿತೈತ್ರಿ. ಆರು ಮಂದ್ಯಾಗ ಒಬ್ಬಾಂವ ಮಲಗ್ಯಾನ. ಅವನ್ನ ಎಬ್ಬಿಸದ ಟರ್ಬೊ ಹಾಕ್ತೀರೇನು?"

ಕಾರಣ, ಆ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್ ಕೆಟ್ಟಿತ್ತು. ಏರ್ ಫಿಲ್ಟರಿನಲ್ಲಿ ಕೈತುಂಬ ಧೂಳು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟು, ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಎಂಟ್ರಿ ಇಲ್ಲದ ಜಮೆ.

ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ ಒಳಗೆ ಹೆಚ್ಚು ಗಾಳಿ ತುಂಬುವ ಯಂತ್ರ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್, ಅದಕ್ಕೆ ಹೆಚ್ಚು ಶಾಖ, ಹೆಚ್ಚು ಒತ್ತಡ. ಟರ್ಬೊ ಇಲ್ಲದೆ ಓಡಲೆಂದು ಮಾಡಿದ ಎಂಜಿನ್ನಿಗೆ ಅದನ್ನು ಹಾಕಿದರೆ ಇಂಜೆಕ್ಟರ್, ಕೂಲಿಂಗ್, ಕ್ಲಚ್, ಕಂಪ್ಯೂಟರ್ ಎಲ್ಲವೂ ಬದಲಾಗಬೇಕು. ಎರಡು ಲಕ್ಷ ಬರೀ ಆರಂಭದ ಕಂತು. ಕಾನೂನಿನ ಮಾತೂ ಇದೆ. ಅನುಮತಿ ಇಲ್ಲದೆ ವಾಹನದ ಮೂಲ ರಚನೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಕೊನೆಗೆ ಮಿಸ್ತ್ರಿ ಟೈರಿನ ಪಕ್ಕದ ಅಕ್ಷರಗಳನ್ನು ತೋರಿಸಿದರು. ನೀವೂ ನಿಮ್ಮ ಮನೆಯ ಗಾಡಿಯಲ್ಲಿ ನೋಡಿ. ಡಿಓಟಿ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 3515 ಎಂದಿತ್ತು, ಅಂದರೆ 2015ರ 35ನೇ ವಾರ. ಗೆರೆಗಳು ಆಳವಾಗಿಯೇ ಇದ್ದವು. ರಬ್ಬರ್ ಮಾತ್ರ ಒಣಗಿ ಗಟ್ಟಿಯಾಗಿತ್ತು. ಬ್ರೇಕ್ ಆಯಿಲ್ ಕಪ್ಪಾಗಿತ್ತು. ಅದು ಗಾಳಿಯ ತೇವ ಹೀರುತ್ತದೆ. ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಎಡಕ್ಕೆ ಖರ್ಚು, ಬಲಕ್ಕೆ ಫಲ

ಕಾರು ಹದಿನೈದು ದಿನ ಹುಬ್ಬಳ್ಳಿಯಲ್ಲಿತ್ತು. ಮೊಮ್ಮಗ ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡಿದ. ಕ್ಯಾಶ್ ಬುಕ್ಕಿನ ಎಡಗಡೆ ಹೀಗಾಯಿತು: ಆರು ಸ್ಪಾರ್ಕ್ ಪ್ಲಗ್ 6,000, ಕಾಯಿಲ್ 4,500, ಏರ್ ಫಿಲ್ಟರ್ 2,500, ಪೈಪು 4,500, ಎಂಜಿನ್ ಆಯಿಲ್ ಮತ್ತು ಕೂಲೆಂಟ್ 12,000, ಬ್ರೇಕ್ ಪ್ಯಾಡ್ ಮತ್ತು ಆಯಿಲ್ 24,000, ನಾಲ್ಕು ಟೈರ್ 56,000, ಅಲೈನ್‌ಮೆಂಟ್ 2,000, ಕೂಲಿ 15,500. ಒಟ್ಟು 1,27,000 ರೂಪಾಯಿ.

ಮತ್ತೆ ಅದೇ ಲೇಔಟಿಗೆ ಹೋದೆವು. 40ರಿಂದ 80ಕ್ಕೆ ಈಗ 5.9 ಸೆಕೆಂಡ್. ಸುಮಾರು ಎರಡು ಸೆಕೆಂಡ್ ಉಳಿಯಿತು. ಅಷ್ಟಕ್ಕೆ ಖರ್ಚಾದದ್ದು ಮುಖ್ಯವಾಗಿ ಪ್ಲಗ್, ಕಾಯಿಲ್, ಫಿಲ್ಟರ್, ಪೈಪುಗಳ 17,500 ರೂಪಾಯಿ. ಹೊಸ ಶಕ್ತಿ ಏನೂ ಬಂದಿರಲಿಲ್ಲ, ಕಾರ್ಖಾನೆಯಿಂದ ಬರುವಾಗ ಇದ್ದದ್ದು ವಾಪಸು ಬಂದಿತ್ತು. ಮೊಮ್ಮಗ ಕಾರಿನಿಂದ ಇಳಿದು, "ಅಜ್ಜಾ, ಇದು ಬ್ಯಾರೆ ಗಾಡೀನ ಆಗೇತಿ," ಎಂದ.

ಆಮೇಲೆ ಬ್ರೇಕಿನ ಪರೀಕ್ಷೆ. ಈ ಸಲ ತಮ್ಮ ತಾನೂ ಕಾರಿನಲ್ಲಿ ಕೂರುತ್ತೇನೆ ಎಂದ. ನಲವತ್ತು ವರ್ಷದಿಂದ ಅವನು ಜೋರು ಹೋಗುವ ಯಾವ ಗಾಡಿಯನ್ನೂ ಹತ್ತಿದವನಲ್ಲ. ನಾನು ರಸ್ತೆ ಬದಿಯಲ್ಲಿ ನಿಂತು ನೋಡಿದೆ. ಕಾರು ಗುರುತಿನ ಹತ್ತಿರ ಬಂತು, ಮೂತಿ ತಗ್ಗಿತು, ನಿಂತಿತು. ತಮ್ಮ ನಿಧಾನವಾಗಿ ಇಳಿದು, ಗುರುತಿನವರೆಗೆ ಹಿಂದಕ್ಕೆ ನಡೆದು ಹೆಜ್ಜೆ ಎಣಿಸಿದ.

ಉಳಿದ 73,000 ರೂಪಾಯಿ ನನ್ನ ಖಾತೆಗೆ ಮರಳಿತು. ಟರ್ಬೊದ ಮಾತು ಮೊಮ್ಮಗ ಇನ್ನೂ ಎತ್ತಿಲ್ಲ. ಕ್ಯಾಶ್ ಬುಕ್ ನನ್ನ ಕಪಾಟಿನಲ್ಲಿದೆ. ಬ್ರೇಕು, ಟೈರಿನ ಸಾಲಿನ ಬಲಗಡೆ ತಮ್ಮನ ಸೊಟ್ಟ ಅಕ್ಷರದಲ್ಲಿ ಬರೆದಿದೆ: "ಮೊದಲು 34 ಹೆಜ್ಜಿ. ಈಗ 25."