ಬೇಸಿಗೆಯಲ್ಲಿ ಎಂಜಿನ್ ಎಣ್ಣೆ: ಆಯ್ಕೆ ಮತ್ತು ಬೆರಕೆ

ಬೇಸಿಗೆ ಬಂತೆಂದರೆ ಟ್ರ್ಯಾಕ್ಟರಿಗೆ ದಪ್ಪ ಎಣ್ಣೆ ಹಾಕಿಸಬೇಕೆಂಬ ನಂಬಿಕೆ ಅನೇಕ ರೈತರಲ್ಲಿದೆ. ಮೈಸೂರಿನ ಶ್ರೀರಾಂಪುರದಿಂದ ಮಾನಂದವಾಡಿ ರಸ್ತೆ ಹಿಡಿದು ಎಚ್.ಡಿ. ಕೋಟೆಯತ್ತ ಟ್ರೈಲರ್ ಎಳೆಯುವ ಟ್ರ್ಯಾಕ್ಟರಿಗೂ, ರಾಯಚೂರಿನ ಎರೆಭೂಮಿಯಲ್ಲಿ ನೇಗಿಲು ಎಳೆಯುವ ಟ್ರ್ಯಾಕ್ಟರಿಗೂ ಒಂದೇ ಎಣ್ಣೆ ನಡೆದೀತೇ ಎಂಬ ಸಂದೇಹವೂ ಸಹಜವೇ. ಎಣ್ಣೆ ತಪ್ಪಿ ಬೇರಿಂಗ್ ಕಚ್ಚಿಕೊಂಡರೆ ರಿಪೇರಿಯ ಹಣವೊಂದೇ ಅಲ್ಲ, ಬಿತ್ತನೆಯ ಹದವೂ ಕೈತಪ್ಪುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಅಂಕಿಯ ಅರ್ಥ ತಿಳಿದಿರುವುದು ಒಳ್ಳೆಯದು.

ಎಣ್ಣೆ ಎಷ್ಟು ನಿಧಾನವಾಗಿ ಹರಿಯುತ್ತದೆ ಎಂಬುದೇ ಅದರ ಸ್ನಿಗ್ಧತೆ. ಇದನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಎಸ್.ಎ.ಇ. 30, 40, 50 ಎಂಬ ಅಂಕಿಗಳು 100 ಡಿಗ್ರಿ ಸೆಂ. ಉಷ್ಣಾಂಶದಲ್ಲಿನ ಸ್ನಿಗ್ಧತೆಯ ಅಂತಸ್ತುಗಳು. 30ರ ಎಣ್ಣೆ 9.3ರಿಂದ 12.5ರೊಳಗೆ, 40ರ ಎಣ್ಣೆ 12.5ರಿಂದ 16.3ರೊಳಗೆ, 50ರ ಎಣ್ಣೆ 16.3ರಿಂದ 21.9ರೊಳಗೆ ಇರುತ್ತದೆ. ಕಾದಷ್ಟೂ ಎಣ್ಣೆ ತೆಳುವಾಗುತ್ತದೆ. 40 ಡಿಗ್ರಿಯಲ್ಲಿ ಸುಮಾರು 140 ಸೆಂಟಿಸ್ಟೋಕ್ ಇರುವ ಎಣ್ಣೆ 100 ಡಿಗ್ರಿಗೆ ಬರುವ ವೇಳೆಗೆ ಅದರ ಹತ್ತನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೈಸೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಸಾಮಾನ್ಯವಾಗಿ 34–35 ಡಿಗ್ರಿ. ರಾಯಚೂರು, ಕಲಬುರಗಿಗಳಲ್ಲಿ 40 ದಾಟುತ್ತದೆ. ಆದರೆ ನೀರಿನಿಂದ ತಣಿಯುವ ಎಂಜಿನ್ನಿನ ಬಿಸಿಯನ್ನು ನಿರ್ಧರಿಸುವುದು ಮುಖ್ಯವಾಗಿ ಥರ್ಮೋಸ್ಟಾಟ್, ರೇಡಿಯೇಟರ್ ಹಾಗೂ ಕೆಲಸದ ಹೊರೆ, ಹೊರಗಿನ ಬಿಸಿಲಲ್ಲ. ಇವು ಸರಿಯಾಗಿದ್ದರೆ ಎರಡೂ ಊರುಗಳ ಟ್ರ್ಯಾಕ್ಟರುಗಳ ಎಣ್ಣೆಯ ಬಿಸಿಯಲ್ಲಿ ಭಾರಿ ವ್ಯತ್ಯಾಸವಾಗದು. ರೇಡಿಯೇಟರಿಗೆ ಹೊಟ್ಟು, ಹುಲ್ಲು ಕಟ್ಟಿಕೊಂಡಿದ್ದರೆ ದಪ್ಪ ಎಣ್ಣೆ ಹಾಕಿ ಪ್ರಯೋಜನವಿಲ್ಲ, ರೇಡಿಯೇಟರ್ ತೊಳೆಯಬೇಕು. ಗಾಳಿಯಿಂದ ತಣಿಯುವ ಪಂಪುಸೆಟ್ ಎಂಜಿನ್ನಿನ ವಿಷಯ ಬೇರೆ. ಅದಕ್ಕೆ ಹೊರಗಿನ ಬಿಸಿ ನೇರವಾಗಿ ತಟ್ಟುತ್ತದೆ. ಕೈಪಿಡಿಯಲ್ಲಿ ಬೇಸಿಗೆಗೆಂದು ಒಂದು ಅಂತಸ್ತು ಮೇಲಿನ ಎಣ್ಣೆ ಹೇಳಿದ್ದರೆ ಅದನ್ನೇ ಬಳಸಬೇಕು.

ಅಗತ್ಯಕ್ಕಿಂತ ದಪ್ಪವಾದ ಎಣ್ಣೆಯಿಂದ ಹಾನಿಯೂ ಉಂಟು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಅದು ಬೇರಿಂಗುಗಳನ್ನು ತಡವಾಗಿ ತಲುಪುತ್ತದೆ. ಸವೆತದ ಗಣನೀಯ ಪಾಲು ಆಗುವುದು ಆಗಲೇ. ಈ ತೊಡಕಿನ ಪರಿಹಾರಕ್ಕೆ ಬಂದುದೇ ಬಹುಶ್ರೇಣಿ ಎಣ್ಣೆ. 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಎಂಬಲ್ಲಿ ಮೊದಲ ಅಂಕಿ ಚಳಿಯ ನಡತೆಯನ್ನೂ ಎರಡನೆಯದು ಬಿಸಿಯ ನಡತೆಯನ್ನೂ ಹೇಳುತ್ತದೆ. ಚಳಿಯ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಬಹಳ ಕೆಳಗೆ. ಪುಷ್ಯ ಮಾಸದ ಮುಂಜಾವಿನಲ್ಲೂ ಅಂಥ ಚಳಿ ಕಾಣದ ನಮ್ಮ ಸೀಮೆಗೆ ಈ ಎರಡರ ಅಂತರ ದೊಡ್ಡದಲ್ಲ.

ಇನ್ನು ಬೆರಕೆಯ ಮಾತು. ಮನೆಯಲ್ಲಿ ಉಳಿದ 30ರ ಎಣ್ಣೆಗೆ ಅಷ್ಟೇ 50ರ ಎಣ್ಣೆ ಸೇರಿಸಿದರೆ 40 ಆಗುವುದೇ? ಲೆಕ್ಕ ಹಾಕಿ ನೋಡಬಹುದು. 11 ಮತ್ತು 19 ಸೆಂಟಿಸ್ಟೋಕಿನ ಎಣ್ಣೆಗಳನ್ನು ಸಮಪಾಲಾಗಿ ಬೆರೆಸಿದರೆ ಸರಾಸರಿ 15 ಬರಬೇಕು. ನಿಜಕ್ಕೂ ಬರುವುದು ಸುಮಾರು 14.3. ಬೆರಕೆ ಯಾವಾಗಲೂ ತೆಳು ಎಣ್ಣೆಯ ಕಡೆಗೇ ವಾಲುತ್ತದೆ. ಈ ಉದಾಹರಣೆಯಲ್ಲಿ ಅದು 40ರ ಮಿತಿಯೊಳಗೇ ಬಿದ್ದಿತು. ಆದರೆ ಎರಡು ವ್ಯತ್ಯಾಸದ ಎಣ್ಣೆಗಳಲ್ಲಿ ಇರುವುದು ಸ್ನಿಗ್ಧತೆಯ ಅಂತರ ಮಾತ್ರವಲ್ಲ. ಮಸಿಯನ್ನು ಹಿಡಿದಿಡುವ, ಆಮ್ಲವನ್ನು ಶಮನ ಮಾಡುವ, ನೊರೆ ತಡೆಯುವ ರಾಸಾಯನಿಕಗಳ ಪ್ರಮಾಣವೂ ಬೇರೆ ಬೇರೆ. ಡಬ್ಬಿಯ ಮೇಲೆ ಎ.ಪಿ.ಐ. ಎಂಬುದರ ಮುಂದೆ ‘ಸಿ’ಯಿಂದ ಆರಂಭವಾಗುವ ದರ್ಜೆ, ಅಂದರೆ ಸಿಎಚ್-4, ಸಿಐ-4 ಮುಂತಾದವು, ಡೀಸೆಲ್ ಎಂಜಿನ್ನಿನದು, ‘ಎಸ್’ ಪೆಟ್ರೋಲ್ ಎಂಜಿನ್ನಿನದು. ಮೇಲು ದರ್ಜೆಗೆ ಕೀಳು ದರ್ಜೆ ಬೆರೆಸಿದರೆ ಮೇಲಿನದರ ಗುಣ ಉಳಿಯದು.

ಹೊಲದ ನಡುವೆ ಎಣ್ಣೆ ಕಡಿಮೆಯಾದಾಗ ಬೇರೆ ಕಂಪನಿಯದಾದರೂ ಅದೇ ಅಂಕಿ, ಅದೇ ದರ್ಜೆಯ ಎಣ್ಣೆಯನ್ನು ಸೇರಿಸಲು ಹಿಂಜರಿಯಬೇಕಿಲ್ಲ. ಅದೂ ಸಿಗದಿದ್ದರೆ ಹತ್ತಿರದ ಅಂಕಿಯ ಡೀಸೆಲ್ ಎಂಜಿನ್ ಎಣ್ಣೆ ಹಾಕಿ, ಕೆಲಸ ಮುಗಿದೊಡನೆ ಬದಲಾಯಿಸಬೇಕು. ಎಣ್ಣೆಯಿಲ್ಲದೆ ಓಡಿಸುವುದಕ್ಕಿಂತ ಅದು ವಾಸಿ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಜಾರಿಗೆ ಬಂದಿದೆ. ಅಂಥವುಗಳಿಗೆ ಕೈಪಿಡಿ ಹೇಳಿದ ಎಣ್ಣೆಯೇ ಆಗಬೇಕು.

ಗೇರ್ ಎಣ್ಣೆಯ 90 ಎಂಬ ಅಂಕಿ ನೋಡಿ ಮೋಸಹೋಗಬಾರದು. ಅದರ ಅಳತೆಗೋಲೇ ಬೇರೆ. ಸ್ನಿಗ್ಧತೆಯಲ್ಲಿ ಅದು ಎಂಜಿನ್ ಎಣ್ಣೆಯ 40–50ರ ಆಸುಪಾಸಿನದು. ಅದರ ರಾಸಾಯನಿಕಗಳು ಹಲ್ಲುಚಕ್ರಗಳಿಗೆಂದು ಇರುವುದರಿಂದ ಎಂಜಿನ್ನಿಗೆ ಹಾಕುವುದು ಸಲ್ಲದು. ಹರಳೆಣ್ಣೆಯೂ ಹಾಗೆಯೇ. ಹಿಂದೆ ವಿಮಾನದ ಎಂಜಿನ್ನುಗಳಲ್ಲಿ ಅದನ್ನು ಬಳಸಿದ್ದು ನಿಜ. ಆದರೆ ಅದು ಖನಿಜ ಎಣ್ಣೆಯೊಡನೆ ಸರಿಯಾಗಿ ಬೆರೆಯದು, ಕಾದು ಅಂಟು ಕಟ್ಟುತ್ತದೆ.

ಪ್ರತಿದಿನ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚಾಲೂ ಮಾಡುವ ಮೊದಲು, ಅಳತೆ ಕಡ್ಡಿ ನೋಡಬೇಕು. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗ ಕಪ್ಪಾದರೆ ಅದು ಕೆಟ್ಟಿತೆಂದಲ್ಲ, ಮಸಿಯನ್ನು ಹಿಡಿದಿದೆ ಎಂದರ್ಥ. ಆದರೆ ಹಾಲಿನಂತೆ ಬಿಳುಪಾದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಇಂಧನ ಸೋರುತ್ತಿದೆ. ಎರಡರಲ್ಲಿ ಯಾವುದಾದರೂ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬೇಕು. ದಪ್ಪ ಎಣ್ಣೆ ಸುರಿದು ಸರಿಪಡಿಸುವ ಕಾಯಿಲೆ ಇದಲ್ಲ. ತೆಗೆದ ಹಳೆಯ ಎಣ್ಣೆಯನ್ನು ಕಾಲುವೆಗೆ, ಬಾವಿಯ ಬಳಿಗೆ ಚೆಲ್ಲದೆ ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಎಣ್ಣೆ ಪಡೆಯುವ ಅನುಮತಿ ಇರುವವರಿಗೆ ಕೊಡಬೇಕು.