ಹಳೇ ಜೀಪಿನ ಡೀಸೆಲ್ ಎಲ್ಲಿ ಸೋರುತ್ತದೆ?

"ಎಷ್ಟು ಕೊಡ್ತದೆ ಅಣ್ಣ?" ಎಂದು ಬಂಕಿನಲ್ಲಿ ಯಾರಾದರೂ ಕೇಳಿದರೆ ಹಳೇ ಜೀಪಿನವರ ಉತ್ತರದಲ್ಲಿ ಎರಡು ಬಗೆ. ಮಾರುವ ಮನಸ್ಸಿದ್ದವರು ಹದಿನಾಲ್ಕು ಎನ್ನುತ್ತಾರೆ, ಇಲ್ಲದವರು ಒಂಬತ್ತು ಎನ್ನುತ್ತಾರೆ. ಅಳೆದು ಹೇಳುವವರು ಕಡಿಮೆ.

ರಾಮನಗರ, ಮಾಗಡಿ, ಕನಕಪುರದ ಕಡೆ ಎಂಎಂ 540, ಮೇಜರ್, ಕಮಾಂಡರ್, ಜಿಪ್ಸಿ, ಮೊದಲ ಕಾಲದ ಬೊಲೆರೊಗಳು ಇನ್ನೂ ದುಡಿಯುತ್ತಿವೆ. ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು, ಮಂಡಿಗೆ ಮಾವು, ಭಾನುವಾರ ಮಂಚನಬೆಲೆ ಕಡೆಗೆ ಒಂದು ಸುತ್ತು. ಎಣ್ಣೆ ಹೆಚ್ಚು ಕುಡಿಯುತ್ತದೆ, ಪಿಕಪ್ ಇಲ್ಲ ಎಂದ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಎಂಜಿನ್ನಿಗೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಎಂಜಿನ್ ಮಾಡಿದ ಕೆಲಸ ಚಕ್ರಕ್ಕೆ ತಲುಪುವ ದಾರಿಯಲ್ಲಿ ಎಲ್ಲೆಲ್ಲಿ ತೆರಿಗೆ ಕಟ್ಟುತ್ತಿದೆ ಎಂದು ಮೊದಲು ನೋಡಬೇಕು. ಎಂಜಿನ್ನಿನ ಸರದಿ ಕೊನೆಗೆ.

ಅದಕ್ಕೂ ಮುಂಚೆ ಲೆಕ್ಕ. ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಓಡಿಸಿದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡದೆ ಯಾವ ಸಂಖ್ಯೆಯನ್ನೂ ನಂಬಬೇಡಿ. ಟೈರ್ ಬದಲಿಸಿದ್ದರಂತೂ ಮೀಟರನ್ನೂ ನಂಬಬೇಡಿ. ಬೊಲೆರೊಗೆ ಬರುವ 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ. ಬೆಟ್ಟ ಹತ್ತುವ ಹುಡುಗರು ಇಷ್ಟಪಟ್ಟು ಹಾಕಿಸುವ 31 ಇಂಚಿನ ಟೈರು 787 ಮಿ.ಮೀ. ಒಂದು ಸುತ್ತಿಗೆ ಗಾಡಿ ಶೇ. 12ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. 40 ಲೀಟರಿಗೆ ಮೀಟರ್ 440 ತೋರಿಸಿದರೆ ಮೈಲೇಜ್ 11 ಎಂದು ಕೊರಗುತ್ತೀರಿ. ನಿಜವಾಗಿ ಓಡಿದ್ದು 492, ಮೈಲೇಜ್ 12.3.

ಹಾಗೆಂದು ದೊಡ್ಡ ಟೈರು ಲಾಭವಲ್ಲ. ಪ್ರತಿ ಗೇರೂ ಅಷ್ಟೇ ಶೇ. 12ರಷ್ಟು ಉದ್ದವಾಗುತ್ತದೆ. ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಮೂರು ಹಾಕಬೇಕು. ಮಾಲೀಕ 'ಪಿಕಪ್ ಹೋಯ್ತು' ಎನ್ನುತ್ತಾನೆ, ಮೆಕ್ಯಾನಿಕ್ ಪಂಪಿನ ಸ್ಕ್ರೂ ತಿರುಗಿಸುತ್ತಾನೆ, ಹೊಗೆ ಕಪ್ಪಾಗುತ್ತದೆ. ಒಂದು ತಪ್ಪಿಗೆ ಇನ್ನೊಂದು ತಪ್ಪಿನ ಮದ್ದು. ಕಂಪನಿ ಅಳತೆಯ ಟೈರಿಗೆ ಮರಳುವುದೇ ಅಗ್ಗದ ದಾರಿ. ದೊಡ್ಡದೇ ಬೇಕೆಂದರೆ ಆ್ಯಕ್ಸಲ್ಲಿನ ಕ್ರೌನ್-ಪಿನಿಯನ್ ಅನುಪಾತ ಬದಲಿಸಬೇಕು, ಅದು ಖರ್ಚಿನ ಬಾಬತ್ತು.

ಈಗ ಒಂದು ಬಿಟ್ಟಿ ಪರೀಕ್ಷೆ. ಹಿಂದೆ ಮುಂದೆ ಗಾಡಿಯಿಲ್ಲದ ಮಟ್ಟಸವಾದ ಹಳ್ಳಿ ರಸ್ತೆಯಲ್ಲಿ 40 ಕಿ.ಮೀ. ವೇಗಕ್ಕೆ ತಂದು ನ್ಯೂಟ್ರಲ್ ಮಾಡಿ. ಎಂಜಿನ್ ಓಡುತ್ತಲೇ ಇರಲಿ. ಗಾಡಿ ತಾನಾಗಿ ನಿಲ್ಲುವವರೆಗೆ ಎಷ್ಟು ಲೈಟು ಕಂಬ ದಾಟಿತು ಎಂದು ಎಣಿಸಿ. ತಿರುಗಿಸಿಕೊಂಡು ಬಂದು ಆ ಕಡೆಯಿಂದಲೂ ಎಣಿಸಿ. ಪ್ರತಿ ರಿಪೇರಿ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಎಣಿಸಿದರೆ ದುಡ್ಡು ಕೊಟ್ಟಿದ್ದಕ್ಕೆ ಕೆಲಸ ಆಗಿದೆಯೇ ಇಲ್ಲವೇ ಎಂಬುದು ಕಂಬಗಳಲ್ಲೇ ಗೊತ್ತಾಗುತ್ತದೆ.

ಕಂಬ ಕಡಿಮೆ ಬಂದರೆ ಮೊದಲ ಅನುಮಾನ ಬ್ರೇಕಿನ ಮೇಲೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ನೋಡಿದ್ದೀರಲ್ಲ? ಲೇಥಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೆಸರು ಕುಡಿದು ತುಕ್ಕು ಹಿಡಿದ ಬ್ರೇಕ್ ಸಿಲಿಂಡರ್ ಹಿಂದಕ್ಕೆ ಸರಿಯದೆ ಲೈನರು ಡ್ರಮ್ಮಿಗೆ ಒತ್ತಿಕೊಂಡೇ ಇದ್ದರೆ ನಡೆಯುವುದೂ ಅದೇ. ಅಲ್ಲಿ ಅರಗು ಕರಗುತ್ತದೆ, ಇಲ್ಲಿ ಡೀಸೆಲ್. ಹತ್ತು ಹದಿನೈದು ಕಿಲೋಮೀಟರ್ ಹೋಗಿ, ಆದಷ್ಟು ಬ್ರೇಕ್ ಹಿಡಿಯದೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿಗೆ ಕೈಯನ್ನು ಹತ್ತಿರ ಒಯ್ಯಿರಿ. ಮುಟ್ಟಬೇಡಿ, ಸುಡಬಹುದು. ಒಂದು ಮಾತ್ರ ಕೆಂಡವಾಗಿದ್ದರೆ ಕಳ್ಳ ಸಿಕ್ಕ. ಆಮೇಲೆ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದರೆ ಬ್ರೇಕ್ ಹಿಡಿದಿದೆಯೋ, ಬೇರಿಂಗ್ ಗ್ರೀಸ್ ಒಣಗಿದೆಯೋ, ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಕೊಂಡಿದೆಯೋ ತಿಳಿಯುತ್ತದೆ.

ಫೋರ್ ವೀಲ್ ಗಾಡಿಯಲ್ಲಿ ಇನ್ನೊಂದಿದೆ. ಮುಂದಿನ ಚಕ್ರಕ್ಕೆ ಫ್ರೀ ವೀಲ್ ಹಬ್ ಇದ್ದರೆ ಬೆಟ್ಟದಿಂದ ಇಳಿದ ಮೇಲೆ ಅದನ್ನು 'ಫ್ರೀ' ಮಾಡಬೇಕು. ಮರೆತರೆ ಮುಂದಿನ ಆ್ಯಕ್ಸಲ್ಲು, ಜಾಯಿಂಟು, ಪ್ರೊಪೆಲರ್ ಶಾಫ್ಟು ಎಲ್ಲವೂ ಕೆಲಸವಿಲ್ಲದೆ ಗಿರಗಿರ ತಿರುಗುತ್ತಿರುತ್ತವೆ. ಕಲ್ಲಿನಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿದ್ದರೆ ಟಾರು ರಸ್ತೆಗೆ ಬರುವ ಮೊದಲೇ ತುಂಬಿಸಿ.

ಇಲ್ಲಿನ ರಸ್ತೆಗಳಿಗೇ ಸೇರಿದ ಒಂದು ತೊಂದರೆಯೂ ಉಂಟು. ಸುಗ್ಗಿಯಲ್ಲಿ ಮಾಗಡಿ, ಕನಕಪುರದ ಹಳ್ಳಿ ರಸ್ತೆಗಳೇ ಕಣ. ಹಾಸಿದ ರಾಗಿ, ಹುರುಳಿಯ ಮೇಲೆ ಗಾಡಿ ಹೋಗದೆ ವಿಧಿಯಿಲ್ಲ. ಹುಲ್ಲು ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಗುಲಿದರೆ ಬೆಂಕಿಯೂ ಹತ್ತಬಹುದು. ಹೊಟ್ಟು ರೇಡಿಯೇಟರಿನ ಸಂದಿಗಳಲ್ಲಿ ಕೂರುತ್ತದೆ. ಧೂಳು ಏರ್ ಫಿಲ್ಟರಿಗೆ. ಹಳೇ ಜೀಪಿನ ಆಯಿಲ್ ಬಾತ್ ಫಿಲ್ಟರಿನ ತಳದಲ್ಲಿ ಎಣ್ಣೆ ಕೆಸರಾಗಿದ್ದರೆ ಚೆಲ್ಲಿ, ಗುರುತಿನವರೆಗೆ ಮಾತ್ರ ಹೊಸದು ಹಾಕಿ. ಕಾಗದದ ಫಿಲ್ಟರಾದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಯಿರಿ, ತೊಳೆಯಬೇಡಿ.

ಬಿಸಿಯ ವಿಚಾರಕ್ಕೆ ಬಂದರೆ ನಮ್ಮ ಗ್ಯಾರೇಜುಗಳ ಒಂದು ಚಾಳಿಗೆ ನನ್ನ ತಕರಾರಿದೆ. ಗಾಡಿ ಒಮ್ಮೆ ಕುದಿಯಿತೆಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾರೆ. 'ಇನ್ನು ಬಿಸಿಯಾಗಲ್ಲ ಬಿಡಿ ಸಾರ್.' ಬಿಸಿಯಾಗುವುದಿಲ್ಲ, ಅದೇ ತೊಂದರೆ. ಎಂಜಿನ್ ಚೆನ್ನಾಗಿ ಕೆಲಸ ಮಾಡುವುದು ನೀರು 80-90 ಡಿಗ್ರಿ ಇದ್ದಾಗ. ತಣ್ಣಗೇ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಎಂಜಿನ್ ಆಯಿಲ್ ಗಟ್ಟಿಯಾಗೇ ಇರುತ್ತದೆ, ಸವೆತವೂ ಹೆಚ್ಚು. ಕುದಿದದ್ದಕ್ಕೆ ಕಾರಣ ರೇಡಿಯೇಟರಿನ ಹೊಟ್ಟೋ ಸಡಿಲ ಬೆಲ್ಟೋ ಆಗಿರುತ್ತದೆ. ಅದನ್ನು ಸರಿಪಡಿಸಿ ಹೊಸ ಥರ್ಮೋಸ್ಟಾಟ್ ಹಾಕಿಸಿ.

ಇಷ್ಟಾದ ಮೇಲೂ ಕೊರತೆ ಉಳಿದರೆ ಆಗ ಎಂಜಿನ್. ಹೊಗೆ ನೋಡಿ: ಕಪ್ಪಾದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಬಿಡುತ್ತಿದ್ದರೆ ಟೈಮಿಂಗ್ ತಪ್ಪಿದೆ ಅಥವಾ ಕೂಲೆಂಟ್ ಒಳಗೆ ಇಳಿಯುತ್ತಿದೆ. ಡೀಸೆಲ್ ಪಂಪಿನ ವಿಷಯದಲ್ಲಿ ನಾವು ಪುಣ್ಯವಂತರು. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ, ಅಂದರೆ ಈಗಿನ ಬಾಷ್, ತಲೆಮಾರುಗಟ್ಟಲೆ ಪಂಪು, ನಾಝಲ್ ಮಾಡಿದ ಊರು ನಮ್ಮ ಮಗ್ಗುಲಲ್ಲೇ ಇದೆ. ನಾಝಲನ್ನು ಬಿಚ್ಚಿಸಿ ಟೆಸ್ಟ್ ಬೆಂಚಿನಲ್ಲಿ ಸಿಂಪರಣೆ ನೋಡಿಸಿ. ಮಂಜಿನಂತೆ ಚಿಮ್ಮಬೇಕು, ಹನಿ ಹನಿಯಾಗಿ ತೊಟ್ಟಿಕ್ಕಿದರೆ ದುಡ್ಡು ತೊಟ್ಟಿಕ್ಕಿದಂತೆ. ಪಂಪಿನ ಸೀಲ್ ಒಡೆದು ರಸ್ತೆ ಬದಿಯಲ್ಲಿ 'ಸ್ವಲ್ಪ ಏರಿಸಿ' ಕೊಡುವವರಿಗೆ ಒಪ್ಪಬೇಡಿ. ಎರಡು ದಿನ ಗಾಡಿ ಜೋರಾಗಿ ಎಳೆದಂತೆ ಕಾಣುತ್ತದೆ, ಆಮೇಲೆ ಪಿಸ್ಟನ್ ಸುಡುತ್ತದೆ. ಟಪೆಟ್ ಅಂತರವನ್ನು ಕೈಪಿಡಿಯಲ್ಲಿರುವಷ್ಟೇ, ಗೇಜ್ ಇಟ್ಟು ಹೊಂದಿಸಬೇಕು. ಕಿವಿಯಿಂದ ಹೊಂದಿಸುವವರ ಕಿವಿಗೂ ವಯಸ್ಸಾಗಿರುತ್ತದೆ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆಗಳ ಬಗ್ಗೆ ಬರೆಯಲು ಜಾಗ ದಂಡ.

ಜಿಪ್ಸಿಯವರಿಗೆ ಒಂದು ಮಾತು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಕಡಿಮೆ. ಶೇ. 20 ಬೆರೆತ ಪೆಟ್ರೋಲಿನಲ್ಲಿ ಮೈಲೇಜ್ ಶೇ. 6-7 ಇಳಿದರೆ ಅದು ಗಾಡಿಯ ತಪ್ಪಲ್ಲ. ಹಳೇ ರಬ್ಬರ್ ಪೈಪುಗಳನ್ನು ಮಾತ್ರ ಬದಲಿಸಿಕೊಳ್ಳಿ.

ಉಳಿದದ್ದು ಬಲಗಾಲಿನ ಕೆಲಸ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಹಳೇ ಜೀಪಿನವರಿಗೂ 90ರ ಚಪಲ ಬಂದಿದೆ. ಜೀಪಿನ ಮುಖ ಗೋಡೆಯಂತೆ ಚಪ್ಪಟೆ. ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ತಡೆ ಎರಡೂಕಾಲು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಮೂರು ಪಟ್ಟಿಗೂ ಮಿಕ್ಕಿ. ತಲೆಯ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಅದಕ್ಕೂ ಬೇರೆ ಪಾಲು. ಬಿಡದಿಯಿಂದ ಚನ್ನಪಟ್ಟಣಕ್ಕೆ 60ರಲ್ಲಿ ಒಂದು ವಾರ, 90ರಲ್ಲಿ ಒಂದು ವಾರ ಓಡಿಸಿ ಲೀಟರ್ ಬರೆದಿಡಿ. ಅರವತ್ತಕ್ಕೆ ಸರ್ವಿಸ್ ರಸ್ತೆಯೇ ಸಾಕು, ಟೋಲೂ ಉಳಿಯುತ್ತದೆ.

ಮಳೆಗಾಲದಲ್ಲಿ ಹಳ್ಳ ದಾಟಿಸಿದ್ದರೆ ಈಚೆ ದಡದಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಂದಷ್ಟು ದೂರ ಓಡಿಸಿ ಡ್ರಮ್ ಒಣಗಿಸಿ. ಮನೆಗೆ ಬಂದು ಆ್ಯಕ್ಸಲ್ ಹೌಸಿಂಗಿನ ನಟ್ ಸಡಿಲಿಸಿ ನೋಡಿ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಹೋಗಿದೆ, ಅಂದೇ ಬದಲಿಸಿ.